ಗೃಹಶಿಕ್ಷಣದ ಮಕ್ಕಳಿಗೆ ಸಮಗ್ರ ಕನ್ನಡ ಪಠ್ಯಕ್ರಮ: ಕುಬಟೂರು ಪರಿಸರವನ್ನು ಆಧರಿಸಿದ ಒಂದು ಚಿಂತನೆ

ಕನ್ನಡದಲ್ಲಿ ‘ಮನೆಪಾಠ’ ಎಂಬ ಮಾತಿಗೆ ರೂಢಿಯಲ್ಲಿರುವ ಅರ್ಥ ಒಂದೇ: ಶಾಲೆಯ ಪಾಠ ಸಾಲದೆಂದು ಸಂಜೆ ಮೇಷ್ಟರ ಮನೆಗೆ ಹೋಗಿ ಹೇಳಿಸಿಕೊಳ್ಳುವ ಪಾಠ. ಶಾಲೆಗೆ ಸೇರದೆ, ತಂದೆತಾಯಿಯರ ಹೊಣೆಯಲ್ಲಿ, ಮನೆಯಲ್ಲಿಯೇ ನಡೆಯುವ ಪೂರ್ಣ ಪ್ರಮಾಣದ ಶಿಕ್ಷಣವನ್ನು ಸೂಚಿಸಲು ಎಲ್ಲರೂ ಒಪ್ಪಿದ ಪದ ನಮ್ಮಲ್ಲಿ ಇನ್ನೂ ನೆಲೆಗೊಂಡಿಲ್ಲ. ಪ್ರಸ್ತುತ ಲೇಖನದಲ್ಲಿ ಅದನ್ನು ‘ಗೃಹಶಿಕ್ಷಣ’ ಎಂದು ಕರೆಯಲಾಗಿದೆ. ಪದ ನೆಲೆಗೊಳ್ಳದಿದ್ದರೂ ಸಂಗತಿ ಇದೆ. ನಗರಗಳಲ್ಲಿಯೂ, ನಗರದ ಉದ್ಯೋಗವನ್ನು ಬಿಟ್ಟು ಹಳ್ಳಿಯಲ್ಲಿ ಬೇಸಾಯಕ್ಕೆ ನಿಂತವರಲ್ಲಿಯೂ ಮಕ್ಕಳನ್ನು ಶಾಲೆಗೆ ಕಳುಹಿಸದಿರಲು ತೀರ್ಮಾನಿಸಿದ ಕುಟುಂಬಗಳಿವೆ. ಇಂಥವರಿಗೆ ಇಂಗ್ಲಿಷ್ ಭಾಷೆಯನ್ನು ಕಲಿಸಲು ಓದು, ಬರಹ, ಕಾಗುಣಿತ, ವ್ಯಾಕರಣ, ಪದ್ಯಪಾಠ, ಸಾಹಿತ್ಯಾಭ್ಯಾಸ ಎಲ್ಲವನ್ನೂ ವರ್ಷವಾರು ಹೆಣೆದ ಸಿದ್ಧ ಯೋಜನೆಗಳು ಹೊರದೇಶಗಳಿಂದ ದೊರೆಯುತ್ತವೆ. ಕನ್ನಡಕ್ಕೆ ಬಂದಾಗ ಕೈಗೆಟುಕುವುದು ಶಾಲೆಯ ಪಠ್ಯಪುಸ್ತಕ ಮಾತ್ರ. ಆ ಪುಸ್ತಕವಾದರೋ ನಲವತ್ತು ಮಕ್ಕಳ ತರಗತಿಯನ್ನೂ ಒಬ್ಬ ಉಪಾಧ್ಯಾಯರನ್ನೂ ಕಲ್ಪಿಸಿಕೊಂಡು ರಚಿತವಾದದ್ದು. ಮನೆಯ ಸನ್ನಿವೇಶಕ್ಕೆ ಹೊಂದುವ ಕನ್ನಡ ಪಠ್ಯಕ್ರಮದ ಸ್ವರೂಪ ಹೇಗಿರಬೇಕು ಎಂಬುದನ್ನು ಸೊರಬ ತಾಲ್ಲೂಕಿನ ಕುಬಟೂರು ಮತ್ತು ಅದರ ಸುತ್ತಣ ಪ್ರದೇಶವನ್ನು ಆಧಾರವಾಗಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಾನೂನಿನ ನೆಲೆಯನ್ನು ಚಿಕ್ಕದಾಗಿ ಹೇಳಿ ಮುಂದುವರಿಯಬಹುದು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಹೇಳುತ್ತದೆ. ಸೇರಿಸದವರಿಗೆ ದಂಡನೆಯನ್ನು ಹೇಳುವುದಿಲ್ಲ. ಗೃಹಶಿಕ್ಷಣವನ್ನು ಅದು ಹೆಸರಿಸಿಯೇ ಇಲ್ಲ. ಮನೆಯಲ್ಲಿ ಕಲಿತ ಮಕ್ಕಳು ಸಾಮಾನ್ಯವಾಗಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗಳ ಮೂಲಕ ಹತ್ತನೆಯ ತರಗತಿಯ ಮಟ್ಟವನ್ನು ದಾಟುತ್ತಾರೆ. ಇನ್ನು ಕನ್ನಡ ಭಾಷಾ ಕಲಿಕೆ ಕುರಿತ 2015ರ ರಾಜ್ಯ ಕಾಯ್ದೆಯ ವ್ಯಾಪ್ತಿಗೆ ಬರುವುದು ಶಾಲೆಗಳು. ಹೀಗಾಗಿ ಶಾಲೆಯ ಹೊರಗಿರುವ ಮಗುವಿನ ಕನ್ನಡಕ್ಕೆ ಕಾನೂನಿನ ಆಸರೆಯೂ ಇಲ್ಲ, ಒತ್ತಾಯವೂ ಇಲ್ಲ. ಅದು ಪೂರ್ತಿಯಾಗಿ ಮನೆಯವರ ವಿವೇಕಕ್ಕೆ ಬಿಟ್ಟ ವಿಷಯ.

ಇದು ಕೆಲವೇ ಕುಟುಂಬಗಳ ಖಾಸಗಿ ಆಯ್ಕೆ, ಕನ್ನಡ ವಿಭಾಗಗಳಿಗೆ ಇದರಿಂದ ಏನಾಗಬೇಕು ಎಂದು ಕೇಳುವವರಿದ್ದಾರೆ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದವು. ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಮರದ ನೆರಳು, ದೇವಸ್ಥಾನದ ಜಗಲಿಗಳಲ್ಲಿ ಮಕ್ಕಳನ್ನು ಕೂಡಿಸಿತು. ಅಕ್ಟೋಬರಿನಲ್ಲಿ ಅದೂ ನಿಂತಿತು. ಅಕ್ಷರ ಕಲಿಯಬೇಕಾದ ವಯಸ್ಸಿನ ಮಕ್ಕಳು ಹತ್ತೊಂಬತ್ತು ತಿಂಗಳ ಕಾಲ ಬಹುಮಟ್ಟಿಗೆ ಮನೆಯಲ್ಲಿಯೇ ಉಳಿದರು. ಆಗ ಪ್ರತಿಯೊಂದು ಮನೆಯೂ ತಾನು ಬಯಸದೆಯೇ ಶಾಲೆಯಾಯಿತು. ಮನೆಯಲ್ಲಿ ಕನ್ನಡವನ್ನು ಹೇಗೆ ಕಲಿಸಬೇಕೆಂದು ಹೇಳಬಲ್ಲ ಒಂದು ಕೈಪಿಡಿಯೂ ಆ ಮನೆಗಳಲ್ಲಿ ಇರಲಿಲ್ಲ. ಭಾಷಾಬೋಧನೆಯನ್ನು ಶಿಕ್ಷಕರ ತರಬೇತಿ ಕಾಲೇಜುಗಳ ಪಾಲಿಗೆ ಬಿಟ್ಟು ನಾವು ಹಳಗನ್ನಡ, ಹೊಸಗನ್ನಡಗಳ ಸಂಶೋಧನೆಯಲ್ಲಿ ನಿರಾಳವಾಗಿದ್ದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ.

ಅಗ್ರಹಾರ ಮತ್ತು ಮಠ

ಕುಬಟೂರನ್ನು ಆಯ್ದುಕೊಂಡದ್ದು ಆಕಸ್ಮಿಕವಲ್ಲ. ಆನವಟ್ಟಿಗೆ ಹೊಂದಿಕೊಂಡಂತಿರುವ ಈ ಊರು ಶಾಸನಗಳಲ್ಲಿ ಕುಪ್ಪಟೂರು ಎಂದು ಕಾಣಿಸಿಕೊಳ್ಳುವ ಪ್ರಸಿದ್ಧ ಅಗ್ರಹಾರ. 1077ರ ಶಾಸನವೊಂದು ಬನವಾಸಿಯ ಕದಂಬ ಕೀರ್ತಿದೇವನ ಅರಸಿ ಮಾಳಲದೇವಿ ಇಲ್ಲಿನ ಪಾರ್ಶ್ವದೇವ ಚೈತ್ಯಾಲಯಕ್ಕೆ ದತ್ತಿ ಬಿಟ್ಟುದನ್ನು ತಿಳಿಸುತ್ತದೆ. ಆಕೆ ಊರಿನ ಮಹಾಜನರನ್ನು ಗೌರವಿಸಿ, ಅವರಿಂದಲೇ ಆ ಬಸದಿಗೆ ‘ಬ್ರಹ್ಮಜಿನಾಲಯ’ ಎಂಬ ಹೆಸರನ್ನು ಇಡಿಸಿದಳು. ಎರಡು ಪರಂಪರೆಗಳ ನುಡಿ ಒಂದೇ ಹೆಸರಿನಲ್ಲಿ ಕೂಡಿದ ಅಪೂರ್ವ ನಿದರ್ಶನವಿದು. ಸಮೀಪದ ಕೋಟಿಪುರದ ಕೈಟಭೇಶ್ವರ ದೇವಾಲಯ, ಶಿಕಾರಿಪುರ ತಾಲ್ಲೂಕಿನ ಬಂದಳಿಕೆ, ಬಳ್ಳಿಗಾವೆ, ತಾಳಗುಂದ ಇವೆಲ್ಲವೂ ಒಂದು ದಿನದ ಪ್ರಯಾಣದಲ್ಲಿ ನೋಡಿ ಬರಬಹುದಾದ ತಾಣಗಳು.

ಈ ಪ್ರದೇಶದ ಶಾಸನಗಳು ಪ್ರಾಚೀನ ಕರ್ನಾಟಕದ ಶಿಕ್ಷಣ ಚರಿತ್ರೆಗೆ ಮುಖ್ಯ ಆಕರಗಳು. ತಾಳಗುಂದದ ಸ್ತಂಭಶಾಸನ ಮಯೂರಶರ್ಮ ತನ್ನ ಗುರುವಾದ ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದುದನ್ನು ಹೇಳುತ್ತದೆ. ಊರಿನಲ್ಲಿ ದೊರೆತ ಶಿಕ್ಷಣ ಸಾಲದೆ ಹೊರಗೆ ಹೊರಟವನ ಕಥೆ ಅದು. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಕೌಮಾರ, ಪಾಣಿನೀಯ, ಶಾಕಟಾಯನ, ಶಬ್ದಾನುಶಾಸನ ಮೊದಲಾದ ವ್ಯಾಕರಣಗಳು, ದರ್ಶನಗಳು, ಕಾವ್ಯ, ನಾಟಕ ಇವೆಲ್ಲವುಗಳ ವ್ಯಾಖ್ಯಾನಕ್ಕೆ ಆ ಮಠ ಸ್ಥಾನವಾಗಿತ್ತೆಂದು ಅದು ವರ್ಣಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ದೀನರಿಗೆ, ಅನಾಥರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ ಅನ್ನ ನೀಡುವ ಸ್ಥಾನವೂ ಅದೇ ಎಂದು ಹೇಳುತ್ತದೆ. ನಮ್ಮ ವಿದ್ವಾಂಸರು ಈ ಶಾಸನದ ಮೊದಲ ಭಾಗವನ್ನು ಶಿಕ್ಷಣ ಚರಿತ್ರೆಗೆ, ಎರಡನೆಯ ಭಾಗವನ್ನು ಧರ್ಮದ ಚರಿತ್ರೆಗೆ ಹಂಚಿಬಿಟ್ಟಿದ್ದಾರೆ. ಎರಡನ್ನೂ ಕೂಡಿಸಿ ಓದಿದರೆ ವ್ಯಾಕರಣವನ್ನು ಬಿಡಿಸಿ ಹೇಳುವವನೂ ಊರೂರು ಅಲೆದು ಕಥೆ ಹೇಳುವವನೂ ಒಂದೇ ಸೂರಿನ ಕೆಳಗೆ ಇದ್ದರೆಂಬ ಚಿತ್ರ ದೊರೆಯುತ್ತದೆ. ಭಾಷೆಯ ಸಮಗ್ರ ಪಠ್ಯಕ್ರಮ ಎಂಬ ಕಲ್ಪನೆಗೆ ಇದಕ್ಕಿಂತ ಒಳ್ಳೆಯ ಸ್ಥಳೀಯ ಪ್ರತಿಮೆ ಬೇರೆ ಬೇಕಿಲ್ಲ.

ಆದರೆ ಅಗ್ರಹಾರದ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ಅಲ್ಲಿನ ವಿದ್ಯೆ ಮೂಲತಃ ಮನೆತನದ ವಿದ್ಯೆ. ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಸಾಗಿದ್ದು; ಗದ್ದೆಯಲ್ಲಿ ದುಡಿಯುವವರ ಮಕ್ಕಳಿಗೂ ಬಹುಪಾಲು ಹೆಣ್ಣುಮಕ್ಕಳಿಗೂ ಅದರ ಬಾಗಿಲು ತೆರೆದಿರಲಿಲ್ಲ. ಮನೆಯೇ ಪಾಠಶಾಲೆಯಾಗುವುದರಲ್ಲಿ ಇರುವ ಅಪಾಯ ಇದೇ. ಇಪ್ಪತ್ತನೆಯ ಶತಮಾನದ ಸರಕಾರಿ ಕನ್ನಡ ಶಾಲೆ ಎಷ್ಟೇ ಕೊರತೆಗಳ ನಡುವೆಯೂ ಮಾಡಿದ ದೊಡ್ಡ ಕೆಲಸವೆಂದರೆ ಬೇರೆ ಬೇರೆ ಕೇರಿಗಳ ಕನ್ನಡಗಳನ್ನು ಒಂದು ಕೊಠಡಿಯೊಳಗೆ ಕೂಡಿಸಿದ್ದು. ಗೃಹಶಿಕ್ಷಣವನ್ನು ಆರಿಸಿಕೊಂಡ ಕುಟುಂಬ ಆ ಕೊಠಡಿಯನ್ನು ಬಿಡುತ್ತದೆ. ಬಿಟ್ಟದ್ದನ್ನು ಬೇರೆ ರೀತಿಯಲ್ಲಿ ತುಂಬಿಕೊಡದ ಪಠ್ಯಕ್ರಮ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದನ್ನು ಸಮಗ್ರವೆನ್ನಲಾಗದು. ಈ ಲೇಖನದ ಮುಖ್ಯ ವಾದವೂ ಇದೇ ಆಗಿದೆ.

ಕೇಳ್ಮೆಯ ವರ್ಷಗಳು

ಕವಿರಾಜಮಾರ್ಗಕಾರ ಕನ್ನಡ ನಾಡವರನ್ನು ಹೊಗಳುತ್ತ, ಉದ್ದೇಶಪೂರ್ವಕವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದವರು ಎಂದು ಹೇಳಿದ ಮಾತು ಪ್ರಸಿದ್ಧ. ಶಾಲೆಯನ್ನು ಟೀಕಿಸುವವರು ಈ ಮಾತನ್ನು ತಮ್ಮ ಬೆಂಬಲಕ್ಕೆ ಎಳೆದುಕೊಳ್ಳುವುದುಂಟು. ಆ ಮಾತು ಓದು ಬೇಡವೆನ್ನುವುದಿಲ್ಲ. ಕಿವಿಯ ಮೂಲಕ ಬಂದ ಸಂಸ್ಕಾರ ಎಷ್ಟು ಆಳವಾಗಿತ್ತೆಂಬುದನ್ನು ಹೇಳುತ್ತದೆ. ಗ್ರಂಥ ರಚಿಸಿ ಅದನ್ನು ಹೇಳಿದವನು ಓದು ಬರಹಗಳ ಲೋಕದವನೇ. ಆದ್ದರಿಂದ ಮನೆಯ ಪಠ್ಯಕ್ರಮಕ್ಕೆ ಎರಡು ಧಾರೆಗಳಿರಬೇಕಾಗುತ್ತದೆ. ಕೇಳುವ-ಹೇಳುವ ಧಾರೆ ಮಗುವಿನ ಓದಿನ ಶಕ್ತಿಗಿಂತ ಸದಾ ಮೂರು ನಾಲ್ಕು ವರ್ಷ ಮುಂದಿರಲಿ. ಓದುವ-ಬರೆಯುವ ಧಾರೆ ಮಗುವಿನ ಹೆಜ್ಜೆಯಲ್ಲಿಯೇ ಸಾಗಲಿ. ಶಾಲೆಯ ಪಠ್ಯಪುಸ್ತಕದಲ್ಲಿ ಇವೆರಡೂ ಒಂದೇ ಪಾಠಕ್ಕೆ ಕಟ್ಟಿಹಾಕಲ್ಪಟ್ಟಿರುತ್ತವೆ. ‘ಬಸವನು ಬಂದನು’ ಎಂದಷ್ಟೇ ಓದಬಲ್ಲ ಮಗು ಕೇಳುವುದೂ ಅಷ್ಟನ್ನೇ ಆಗಿಬಿಡುತ್ತದೆ. ಆರು ವರ್ಷದ ಮಗು ಇಡೀ ರಾತ್ರಿ ಯಕ್ಷಗಾನದ ಮುಂದೆ ಕುಳಿತು ಬಂದುದನ್ನು ನೋಡಿದವರಿಗೆ ಈ ವ್ಯವಸ್ಥೆಯ ಬಡತನ ಹೊಸದಾಗಿ ಹೇಳಬೇಕಾದುದಲ್ಲ.

ಮೂರರಿಂದ ಆರು ವರ್ಷದವರೆಗೆ ಅಕ್ಷರದ ಅವಸರ ಬೇಡ. ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು, ಅಜ್ಜಿಕಥೆ, ಒಗಟು, ಗಾದೆ ಇವು ಎಲ್ಲರೂ ಒಪ್ಪುವ ಸಾಮಗ್ರಿ. ಇವುಗಳ ಜೊತೆಗೆ ಕುಬಟೂರಿನ ಸುತ್ತ ದೊರೆಯುವ ಇನ್ನೆರಡನ್ನು ಸೇರಿಸಬಹುದು.

ಮೊದಲನೆಯದು ವೀರಗಲ್ಲು. ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳು ವಿಪುಲವಾಗಿವೆ. ಸಾಮಾನ್ಯ ಮಾದರಿಯ ವೀರಗಲ್ಲಿನಲ್ಲಿ ಮೂರು ಪಟ್ಟಿಕೆಗಳು. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಅಪ್ಸರೆಯರು ಒಯ್ಯುತ್ತಿರುವುದು, ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿರುವುದು. ಪುಟವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅಕ್ಷರ ಬಾರದ ಮಗುವನ್ನು ಕಲ್ಲಿನ ಮುಂದೆ ಕೂರಿಸಿ ಮೊದಲು ಏನಾಯಿತು, ಆಮೇಲೆ ಏನಾಯಿತು, ಕೊನೆಗೆ ಏನಾಯಿತು ಎಂದು ಕೇಳಿದರೆ ನಿರೂಪಣೆಯ ಕ್ರಮ ತಾನಾಗಿ ಸಿದ್ಧಿಸುತ್ತದೆ. ‘ಆಮೇಲೆ’, ‘ಅಷ್ಟರಲ್ಲಿ’, ‘ಅದಕ್ಕೇ’ ಎಂಬ ಜೋಡಣೆಯ ಪದಗಳು ಮಗುವಿನ ಬಾಯಲ್ಲಿ ಬರುವುದು ಇಂಥ ಹೇಳಿಕೆಯಲ್ಲಿಯೇ. ಮುಂದೆ ಪ್ರಬಂಧ ಬರೆಯುವಾಗ ಬೇಕಾಗುವ ಕಟ್ಟುವಿಕೆಗೆ ಇದು ಬುನಾದಿ. ತುರುಗೊಳ್ ಕಾಳಗದ ಕಲ್ಲಾದರೆ ದನಗಳನ್ನು ಎಣಿಸುವ ಕೆಲಸವೂ ಮಗುವಿಗೆ ಸಿಗುತ್ತದೆ.

ಎರಡನೆಯದು ಹಸೆ ಚಿತ್ತಾರ. ಈ ಭಾಗದ ದೀವರ ಮಹಿಳೆಯರು ಮನೆಯ ಗೋಡೆಯ ಮೇಲೆ ಬರೆಯುವ ಚಿತ್ತಾರ, ಭೂಮಿ ಹುಣ್ಣಿಮೆಗೆ ಸಿದ್ಧಪಡಿಸುವ ಬುಟ್ಟಿಯ ಮೇಲಿನ ಚಿತ್ತಾರ ಇವು ರೇಖೆಯ ಶಿಸ್ತಿಗೆ ಉತ್ತಮ ಪಾಠ. ಕೆಮ್ಮಣ್ಣಿನ ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಎಳೆಯುವ ಗೆರೆಗಳಿಗೆ ಕೈ ನಡುಗದ ಸ್ಥಿರತೆ ಬೇಕು. ಬೆರಳಿನ ಹಿಡಿತ ಬರುವ ಮೊದಲೇ ಪೆನ್ಸಿಲು ಕೊಟ್ಟು ಅ, ಆ ತಿದ್ದಿಸುವುದಕ್ಕಿಂತ ಈ ಗೆರೆಗಳ ಅಭ್ಯಾಸ ಮೇಲು. ಹಿಂದಿನ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ಬರೆಯಿಸುತ್ತಿದ್ದುದರ ಹಿಂದೆಯೂ ಇಂಥದೇ ತಿಳಿವಳಿಕೆ ಇದ್ದಿರಬೇಕು.

ಅಕ್ಷರ

ಲಿಪಿಯ ಕಲಿಕೆ ಆರನೆಯ ವರ್ಷದಲ್ಲಿ ತೊಡಗಿ ಒಂದೂವರೆ ವರ್ಷದಲ್ಲಿ ಮುಗಿಯಬಹುದು. ವರ್ಣಮಾಲೆಯ ಸಾಂಪ್ರದಾಯಿಕ ಕ್ರಮವನ್ನು ಹಾಡಿನಂತೆ ಬಾಯಿಪಾಠ ಮಾಡಿಸುವುದು ಬೇರೆ, ಓದಲು ಕಲಿಸುವ ಕ್ರಮ ಬೇರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿಯ ಮೂಲಕ ಶಾಲೆಗಳಿಗೆ ಪರಿಚಿತವಾದ ‘ರ ಗ ಸ ದ ಅ’ ಎಂಬ ಕ್ರಮವನ್ನು ಮನೆಯಲ್ಲಿಯೂ ಅನುಸರಿಸುವುದು ಯುಕ್ತ. ಐದೇ ಅಕ್ಷರಗಳಿಂದ ಸರ, ದರ, ಅಗಸ, ಅರಸ, ಗರಗಸ ಎಂಬ ನಿಜವಾದ ಪದಗಳು ಮೊದಲ ವಾರದಲ್ಲಿಯೇ ಓದಲು ಸಿಗುತ್ತವೆ. ಮಹಾಪ್ರಾಣಗಳನ್ನು, ಋಕಾರವನ್ನು, ವಿಸರ್ಗವನ್ನು ಕೊನೆಗಿಡಬಹುದು. ಕೇಶಿರಾಜನೇ ಅಚ್ಚಗನ್ನಡಕ್ಕೆ ಬೇಡದ ಅಕ್ಷರಗಳನ್ನು ಕಳೆದು ನಲವತ್ತೇಳನ್ನು ಉಳಿಸಿಕೊಂಡಿರುವಾಗ ಮನೆಯ ಗುರುಗಳು ಹಿಂಜರಿಯಬೇಕಾಗಿಲ್ಲ. ಒತ್ತಕ್ಷರಗಳನ್ನು ಮಗು ಆಡುವ ಪದಗಳಿಂದಲೇ ಆರಂಭಿಸಬೇಕು: ಅಕ್ಕ, ಅಪ್ಪ, ಗದ್ದೆ, ಹಳ್ಳ, ಅಡ್ಡೆ. ಸಜಾತಿ ಒತ್ತುಗಳು ಕೈವಶವಾದ ಮೇಲೆ ವಿಜಾತಿ ಒತ್ತು.

ಎಂಟನೆಯ ವರ್ಷದ ಹೊತ್ತಿಗೆ ಓದು ಸಾಕಷ್ಟು ಸುಗಮವಾಗಿರುತ್ತದೆ. ಕುಬಟೂರಿನ ಮಗುವಿಗೆ ಈ ಘಟ್ಟದಲ್ಲಿ ಊರಿನದೇ ಒಂದು ಕಥೆ ಕಾದಿದೆ. ಐತಿಹ್ಯದ ಪ್ರಕಾರ ಈ ಊರೇ ಚಂದ್ರಹಾಸನ ಕುಂತಳನಗರ. ಜೈಮಿನಿ ಭಾರತದ ಮೂಲಕ, ಯಕ್ಷಗಾನದ ಮೂಲಕ ಕನ್ನಡನಾಡಿನ ಮನೆಮನೆಗೆ ಹರಡಿದ ಚಂದ್ರಹಾಸನ ಕಥೆ ಇಡಿಯಾಗಿ ಅಕ್ಷರಜ್ಞಾನದ ಸುತ್ತ ನಿಂತಿರುವುದನ್ನು ನಮ್ಮ ವಿಮರ್ಶೆ ಅಷ್ಟಾಗಿ ಗಮನಿಸಿಲ್ಲ; ಭಕ್ತಿಯ ಮಹಿಮೆಗೆ ಒತ್ತು ಕೊಟ್ಟಿರುವುದೇ ಹೆಚ್ಚು. ಅನಾಥ ಬಾಲಕ ಸಾಕುತಂದೆ ಕುಳಿಂದನ ಮನೆಯಲ್ಲಿ ಬೆಳೆಯುತ್ತಾನೆ. ಅಕ್ಷರ ಹೇಳಿಕೊಟ್ಟರೆ ‘ಹರಿ’ ಎಂಬ ಎರಡಕ್ಷರವನ್ನಲ್ಲದೆ ಬೇರೇನನ್ನೂ ನುಡಿಯುವುದಿಲ್ಲ. ಮುಂದೆ ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಬರೆದ ಓಲೆಯನ್ನು ಚಂದ್ರಹಾಸನೇ ಹೊತ್ತು ಬರುತ್ತಾನೆ. ತಂದವನಿಗೆ ವಿಷ ಕೊಡಬೇಕೆಂಬುದು ಅದರ ಒಕ್ಕಣೆ. ಉದ್ಯಾನದಲ್ಲಿ ಮಲಗಿದ್ದವನ ಬಳಿಯಿದ್ದ ಓಲೆಯನ್ನು ಮಂತ್ರಿಯ ಮಗಳು ವಿಷಯೆ ಓದುತ್ತಾಳೆ. ತಂದೆಯ ಕೈತಪ್ಪೆಂದು ಬಗೆದು ಅಕ್ಷರ ತಿದ್ದುತ್ತಾಳೆ. ವಿಷ ಎಂದಿದ್ದುದು ವಿಷಯೆ ಎಂದಾಗುತ್ತದೆ. ಮರಣ ಮದುವೆಯಾಗುತ್ತದೆ.

ಈ ಪ್ರಸಂಗದಿಂದ ಒಂದು ತಿಂಗಳ ಪಾಠವನ್ನು ಹೆಣೆಯಬಹುದು. ಮೊದಲ ವಾರ ಕಥೆಯನ್ನು ಕೇಳಿ ಮಗು ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಎರಡನೆಯ ವಾರ ಪದದ ಕೆಲಸ: ವಿಷ, ವಿಷಯ, ವಿಷಯೆ, ವಿಷಮ, ವಿಷಾದ. ರೂಪದಲ್ಲಿ ಒಂದರ ಮಗ್ಗುಲಲ್ಲಿ ಒಂದು ನಿಂತರೂ ಅರ್ಥದಲ್ಲಿ ಇವು ನೆಂಟರೇ ಅಲ್ಲವೇ ಎಂಬುದನ್ನು ನಿಘಂಟಿನಲ್ಲಿ ಹುಡುಕುವುದು. ಕಿಟೆಲ್‌ನ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, 2016ರಲ್ಲಿ ಆರಂಭವಾದ ಭಾರತವಾಣಿ ಜಾಲತಾಣದ ಕೋಶಗಳು ಇವುಗಳಲ್ಲಿ ಯಾವುದು ಲಭ್ಯವೋ ಅದರಲ್ಲಿ ಪದ ಹುಡುಕುವ ಅಭ್ಯಾಸಕ್ಕೆ ಇದೇ ತಕ್ಕ ಕಾಲ. ಮೂರನೆಯ ವಾರ ಬರಹ: ದುಷ್ಟಬುದ್ಧಿಯ ಓಲೆಯನ್ನು ಮಗು ತನ್ನದೇ ಮಾತುಗಳಲ್ಲಿ ಬರೆಯಲಿ, ಮತ್ತೊಂದು ಅಕ್ಷರದಿಂದ ಅರ್ಥ ಕೆಡುವ ಓಲೆಗಳನ್ನೂ ಕಟ್ಟಲಿ. ಕಾಗುಣಿತದ ತಪ್ಪು ಏಕೆ ತಪ್ಪು ಎಂಬ ಪ್ರಶ್ನೆಗೆ ಅಂಕ ಕಳೆಯುವುದರ ಹೊರತು ಬೇರೆ ಉತ್ತರ ನಮ್ಮ ಪಾಠಗಳಲ್ಲಿ ಸಿಗುವುದು ಅಪರೂಪ. ಇಲ್ಲಿ ಅದಕ್ಕೆ ಪ್ರಾಣದಷ್ಟು ಬೆಲೆಯಿದೆ. ನಾಲ್ಕನೆಯ ವಾರ ಚರ್ಚೆ. ಚಂದ್ರಹಾಸ ಓಲೆಯನ್ನೇಕೆ ಓದಲಿಲ್ಲ? ಇನ್ನೊಬ್ಬರ ಓಲೆಯನ್ನು ಓದಿದ್ದು ಸರಿಯೇ? ವಿಷಯೆಗೆ ಅಕ್ಷರ ಕಲಿಸಿದವರು ಯಾರಿರಬಹುದು? ಈ ಕೊನೆಯ ಪ್ರಶ್ನೆಗೆ ಕಾವ್ಯದಲ್ಲಿ ಉತ್ತರ ಹುಡುಕುವುದಕ್ಕಿಂತ ಮಗು ಏನು ಹೇಳುತ್ತದೆ ಎಂಬುದು ಮುಖ್ಯ. ಓದುಬಲ್ಲ ಹೆಣ್ಣೊಬ್ಬಳು ಒಂದು ಜೀವವನ್ನು ಉಳಿಸಿದ ಕಥೆಯಾಗಿ ಇದನ್ನು ಮನೆಯ ಹೆಣ್ಣುಮಗುವಿಗೆ ಹೇಳಬೇಕು.

ಓದಿನ ವಿಸ್ತಾರಕ್ಕೆ ಪಠ್ಯಪುಸ್ತಕವನ್ನಷ್ಟೇ ನಂಬದೆ ಇಡೀ ಪುಸ್ತಕಗಳನ್ನು ಮಗುವಿನ ಕೈಗೆ ಕೊಡುವ ಅನುಕೂಲ ಗೃಹಶಿಕ್ಷಣಕ್ಕಿದೆ. ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರಷ್ಟು ಹಿಂದೆಯೇ ಮಕ್ಕಳಿಗಾಗಿ ಜ್ಞಾನದ ಗದ್ಯವನ್ನು ಕನ್ನಡದಲ್ಲಿ ರೂಪಿಸಿತು. ಅದರ ಮಾಹಿತಿ ಹಳತಾಗಿರಬಹುದು. ವಿಷಯವನ್ನು ಮಗುವಿಗೆ ಬಿಡಿಸಿ ಹೇಳುವ ಗದ್ಯದ ಮಾದರಿಯಾಗಿ ಅದು ಇಂದಿಗೂ ಉಪಯುಕ್ತ. ನೆರೆಯ ಸಾಗರದಲ್ಲಿ ನೆಲೆಸಿದ್ದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕೃತಿ. ಮುಳುಗಡೆ ಎಂಬ ಪದವನ್ನು ಮನೆಯ ಹಿರಿಯರ ಬಾಯಲ್ಲಿ ಕೇಳಿ ಬೆಳೆದ ಈ ಸೀಮೆಯ ಮಗು ಆ ಪುಸ್ತಕವನ್ನು ಓದುವ ರೀತಿಯೇ ಬೇರೆ.

ಬರಹ, ವ್ಯಾಕರಣ, ಹಳಗನ್ನಡ

ಮನೆಯಲ್ಲಿ ಸುಲಭವಾಗಿ ಸೊರಗುವುದು ಬರಹ. ಮಾತನಾಡುವವರು ಎದುರಿಗೇ ಇರುವಾಗ ಬರೆಯಬೇಕಾದ ಅಗತ್ಯವೇ ಮಗುವಿಗೆ ಕಾಣುವುದಿಲ್ಲ. ಶಾಲೆಯಲ್ಲಿ ಪರೀಕ್ಷೆ ಆ ಅಗತ್ಯವನ್ನು ಕೃತಕವಾಗಿಯಾದರೂ ಒದಗಿಸುತ್ತದೆ. ಮನೆಯ ಪಠ್ಯಕ್ರಮ ನಿಜವಾದ ಓದುಗನನ್ನು ಒದಗಿಸಬೇಕು. ದೂರದ ಬಂಧುಗಳಿಗೆ ಅಂಚೆಯ ಕಾಗದ, ಗ್ರಾಮ ಪಂಚಾಯಿತಿಗೆ ಬೀದಿದೀಪದ ಬಗ್ಗೆ ಅರ್ಜಿ, ತೋಟದ ಕೊನೆಕೊಯ್ಲಿನ ಲೆಕ್ಕ, ಮಳೆಯ ದಿನಚರಿ, ಹಬ್ಬದ ಅಡುಗೆಯ ವಿಧಾನ: ಇವೆಲ್ಲವೂ ಬೇರೆ ಬೇರೆ ಓದುಗರನ್ನು ಉದ್ದೇಶಿಸಿದ ಬೇರೆ ಬೇರೆ ಕನ್ನಡಗಳು. ವಾರಕ್ಕೆ ಒಂದು ಬರಹ ಸಾಕು; ಆದರೆ ಅದನ್ನು ತಿದ್ದಿ ಎರಡನೆಯ ಸಲ ಬರೆಯುವುದು ಕಡ್ಡಾಯವಾಗಿರಲಿ.

ವ್ಯಾಕರಣವನ್ನು ಹತ್ತನೆಯ ವರ್ಷಕ್ಕೆ ಮೊದಲು ಪರಿಭಾಷೆಯಾಗಿ ಕಲಿಸುವುದರಲ್ಲಿ ಅರ್ಥವಿಲ್ಲ. ಆಮೇಲೂ ಅದು ಮಗುವಿನ ಕಿವಿಗೆ ಬಿದ್ದ ಭೇದಗಳಿಂದ ಹುಟ್ಟಬೇಕು. ಹಾನಗಲ್ಲು ಕಡೆಯಿಂದ ಬಂದವರು ‘ಬಂದೈತಿ’ ಎನ್ನುತ್ತಾರೆ, ರೇಡಿಯೋದವರು ‘ಬಂದಿದೆ’ ಎನ್ನುತ್ತಾರೆ, ಮನೆಯಲ್ಲಿ ಮೂರನೆಯ ರೂಪವೊಂದು ಇರಬಹುದು. ಇವುಗಳನ್ನು ಪಟ್ಟಿ ಮಾಡಿಸಿ, ಎಲ್ಲದರಲ್ಲಿಯೂ ಸಮಾನವಾಗಿರುವುದು ಯಾವುದು, ಬದಲಾಗುವುದು ಯಾವುದು ಎಂದು ಕೇಳಿದರೆ ಧಾತು, ಪ್ರತ್ಯಯಗಳ ಕಲ್ಪನೆ ತಾನಾಗಿ ಮೂಡುತ್ತದೆ. ಹೆಸರು ಆಮೇಲೆ ಹೇಳಿದರಾಯಿತು. ಗ್ರಾಂಥಿಕ ರೂಪವನ್ನು ಶುದ್ಧವೆಂದೂ ಉಳಿದವನ್ನು ಅಶುದ್ಧವೆಂದೂ ಹೇಳಿಕೊಡುವ ಹಳೆಯ ಚಾಳಿಯನ್ನು ಮನೆಯೊಳಕ್ಕೆ ತರಬಾರದು. ಹಾಗೆಂದು ಗ್ರಾಂಥಿಕ ರೂಪವನ್ನು ಕಲಿಸದೆ ಬಿಡುವುದೂ ದ್ರೋಹವೇ. ಅರ್ಜಿ ಬರೆಯುವ, ಪತ್ರಿಕೆ ಓದುವ, ಪರೀಕ್ಷೆಗೆ ಕೂರುವ ಕನ್ನಡ ಅದು.

ಹನ್ನೊಂದರಿಂದ ಹದಿನಾಲ್ಕರ ಅವಧಿಯಲ್ಲಿ ಹಳಗನ್ನಡ, ನಡುಗನ್ನಡಗಳ ಪ್ರವೇಶ ಆಗಬೇಕು. ಅಲ್ಲಮಪ್ರಭುವಿನ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇವೆ. ಅಕ್ಕನ ವಚನಗಳಿಂದ ತೊಡಗುವುದು ಮೇಲು. ಅಲ್ಲಮನ ಬೆಡಗು ಕಾಯಬಹುದು. ವಚನದ ಚಿಕ್ಕ ವಾಕ್ಯಗಳನ್ನು ಗಟ್ಟಿಯಾಗಿ ಓದಿಸಿದರೆ ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದುವರಿಯಬೇಕು ಎಂಬ ಅರಿವು ಬರುತ್ತದೆ. ನಂತರ ಗಮಕದ ಮೂಲಕ ಕುಮಾರವ್ಯಾಸ, ಲಕ್ಷ್ಮೀಶರು. ಎಂಟನೆಯ ವಯಸ್ಸಿನಲ್ಲಿ ಕಥೆಯಾಗಿ ಕೇಳಿದ ಚಂದ್ರಹಾಸನನ್ನು ಹದಿಮೂರರಲ್ಲಿ ವಾರ್ಧಕ ಷಟ್ಪದಿಯಲ್ಲಿ ಮತ್ತೆ ಎದುರಾಗುವ ಮಗುವಿಗೆ ಅರ್ಥದ ತೊಡಕು ಅರ್ಧ ಕಡಮೆಯಾಗಿರುತ್ತದೆ.

ಶಾಸನದ ಓದನ್ನು ಇದೇ ಹಂತದಲ್ಲಿ ಸೇರಿಸಬಹುದು. ಈ ಎರಡು ತಾಲ್ಲೂಕುಗಳ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನ್ಯಾಟಿಕದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಅಚ್ಚಾಗಿವೆ. ಊರಿನ ಕಲ್ಲೊಂದರ ಪಾಠವನ್ನು ಎದುರಿಗಿಟ್ಟುಕೊಂಡು ಊರ ಹೆಸರು, ಆಳುವವನ ಹೆಸರು, ಕಾಲ, ದಾನದ ವಸ್ತು ಈ ನಾಲ್ಕನ್ನು ಗುರುತಿಸಿದರೆ ಮಗುವಿಗೆ ಸಾಕು. ಕುಪ್ಪಟೂರು ಎಂಬುದು ಕುಬಟೂರು ಆದದ್ದನ್ನು ಸ್ವತಃ ಕಂಡುಕೊಂಡ ಮಗುವಿಗೆ ಧ್ವನಿವ್ಯತ್ಯಾಸದ ಪಾಠ ಬೇರೆಯಾಗಿ ಬೇಕಾಗುವುದಿಲ್ಲ. ತಾಳಗುಂದದಲ್ಲಿ 2013-14ರ ಉತ್ಖನನದ ವೇಳೆ ದೊರೆತ ಸಿಂಹಕಟಾಂಜನ ಶಾಸನ ಹಲ್ಮಿಡಿ ಶಾಸನಕ್ಕಿಂತ ಹಳೆಯದೆಂಬ ವಾದವನ್ನೂ ಅದಕ್ಕೆ ಎದುರಾದ ಸಂದೇಹವನ್ನೂ ಒಟ್ಟಿಗೆ ತಿಳಿಸಬೇಕು. ವಿದ್ವಾಂಸರು ಭಿನ್ನಾಭಿಪ್ರಾಯ ಹೊಂದುತ್ತಾರೆ ಎಂಬ ಸಂಗತಿ ಪಠ್ಯಪುಸ್ತಕದಿಂದ ಮಗುವಿಗೆ ಎಂದೂ ತಿಳಿಯುವುದಿಲ್ಲ.

ಮನೆಯಿಂದ ಹೊರಗೆ

ಮೇಲೆ ಹೇಳಿದ ಅಗ್ರಹಾರದ ಪ್ರಶ್ನೆಗೆ ಹಿಂತಿರುಗಬೇಕು. ಇಲ್ಲಿಯವರೆಗಿನ ಯೋಜನೆಯನ್ನು ಪುಸ್ತಕವುಳ್ಳ, ಓದುಬಲ್ಲ ಮನೆಯೊಂದು ಹೊರಗಿನವರ ಮುಖ ನೋಡದೆಯೇ ನಡೆಸಿಬಿಡಬಹುದು. ಫಲವಾಗಿ ಮಗುವಿಗೆ ಸೊಗಸಾದ ಕನ್ನಡ ಬಂದೀತು. ಅದು ಒಂದೇ ಮನೆಯ ಕನ್ನಡವಾಗಿರುತ್ತದೆ. ಆನವಟ್ಟಿಯ ಸಂತೆಯಲ್ಲಿ ಕೇಳಿಸುವ ಮಾತುಗಳ ಬಗೆಯನ್ನು ಗಮನಿಸಿದರೆ ಕೊರತೆಯ ಪ್ರಮಾಣ ತಿಳಿಯುತ್ತದೆ. ದೀವರ ಕನ್ನಡ, ಲಿಂಗಾಯತರ ಕನ್ನಡ, ಹವ್ಯಕರ ಕನ್ನಡ, ಲಂಬಾಣಿ ಅಥವಾ ಉರ್ದು ಮನೆಮಾತಿನವರು ವ್ಯವಹಾರಕ್ಕೆ ಬಳಸುವ ಕನ್ನಡ ಇವೆಲ್ಲ ಅಲ್ಲಿ ಒಟ್ಟಿಗೆ ಇವೆ. ಬೆಲೆ ಕೇಳುವುದು, ಚೌಕಾಸಿ ಮಾಡುವುದು, ಹಿರಿಯರನ್ನು ಬಹುವಚನದಲ್ಲಿ ಮಾತನಾಡಿಸುವುದು, ಅರ್ಥವಾಗದ ಮಾತನ್ನು ಮತ್ತೊಮ್ಮೆ ಹೇಳಿಸಿಕೊಳ್ಳುವುದು ಇವೂ ಭಾಷಾಕೌಶಲಗಳೇ.

ಆದ್ದರಿಂದ ವಾರದ ಭಾಷಾಪಾಠದ ಅವಧಿಯಲ್ಲಿ ಕನಿಷ್ಠ ಮೂರನೆಯ ಒಂದು ಪಾಲು ಮನೆಯ ಹೊರಗೆ, ಬೇರೆ ಸಮುದಾಯದವರ ಜೊತೆಯಲ್ಲಿ ನಡೆಯಬೇಕೆಂದು ಈ ಲೇಖನ ಸೂಚಿಸುತ್ತದೆ. ಹೆಚ್ಚಿನ ಖರ್ಚು ಇದಕ್ಕೆ ಬೇಡ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಸರಕಾರಿ ಶಾಲೆಯ ಮಕ್ಕಳ ಜೊತೆ ಕುಳಿತು ವಾರಕ್ಕೊಮ್ಮೆ ಗಟ್ಟಿಯಾಗಿ ಓದುವುದು ಒಂದು. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಸಾಗುವ ಅಂಟಿಗೆ-ಪಂಟಿಗೆಯ ತಂಡದೊಡನೆ ಹೋಗಿ, ಕೇಳಿದ ಹಾಡುಗಳನ್ನು ಹಾಡುಗಾರರ ಒಪ್ಪಿಗೆ ಪಡೆದು ಬರೆದುಕೊಳ್ಳುವುದು ಮತ್ತೊಂದು. ಆ ಬರಹದಲ್ಲಿ ಮಗು ಹಾಡುಗಾರರ ಉಚ್ಚಾರವನ್ನು ತಿದ್ದದೆ ಇದ್ದಂತೆಯೇ ಬರೆಯಬೇಕು. ಜಾನಪದದ ಕ್ಷೇತ್ರಕಾರ್ಯವನ್ನು ನಾವು ಸ್ನಾತಕೋತ್ತರ ಹಂತದಲ್ಲಿ ಕಲಿಸುತ್ತೇವೆ. ಹನ್ನೆರಡು ವರ್ಷದ ಮಗುವಿಗೆ ಅದು ಅಸಾಧ್ಯವೆಂದು ಭಾವಿಸಲು ಕಾರಣವಿಲ್ಲ. ಹಾಡುವವರು ಸಂಶೋಧಕರಿಗಿಂತ ಮಗುವಿನ ಮುಂದೆ ಹೆಚ್ಚು ಬಿಚ್ಚುಮನಸ್ಸಿನಿಂದ ಹಾಡುತ್ತಾರೆ. ಹೆಗ್ಗೋಡಿನ ನೀನಾಸಂ ಪ್ರಭಾವದಿಂದ ಈ ಭಾಗದಲ್ಲಿ ರಂಗಭೂಮಿಯ ಪರಿಚಯವೂ ಸಾಕಷ್ಟಿದೆ. ಐದಾರು ಕುಟುಂಬಗಳ ಮಕ್ಕಳು, ಶಾಲೆಯ ಮಕ್ಕಳು ಕೂಡಿ ವರ್ಷಕ್ಕೊಂದು ನಾಟಕವಾಡಿದರೆ ಮಾತಿನ ಸ್ಪಷ್ಟತೆಗೆ ಬೇರೆ ಪಾಠ ಬೇಡ.

ಮೌಲ್ಯಮಾಪನದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಅಂಕಗಳ ಬದಲು ಪ್ರತಿ ತಿಂಗಳ ಒಂದು ಬರಹ, ಒಂದು ಧ್ವನಿಮುದ್ರಿತ ಓದು, ಓದಿದ ಪುಸ್ತಕಗಳ ಪಟ್ಟಿ ಇಷ್ಟನ್ನು ಕಡತದಲ್ಲಿಟ್ಟರೆ ವರ್ಷದ ಬೆಳವಣಿಗೆ ಕಣ್ಣಿಗೆ ಕಾಣುತ್ತದೆ. ಹದಿಮೂರನೆಯ ವಯಸ್ಸಿನಿಂದ ಮುಕ್ತ ಶಾಲೆಯ ಪ್ರಶ್ನೆಪತ್ರಿಕೆಗಳ ಮಾದರಿಯನ್ನು ಪರಿಚಯಿಸಿದರೆ ಸಾಕಾಗುತ್ತದೆ.

ಕನ್ನಡ ಅಧ್ಯಯನ ವಿಭಾಗಗಳು ಇಲ್ಲಿ ಮಾಡಬಹುದಾದ ಕೆಲಸ ಸ್ಪಷ್ಟವಾಗಿದೆ. ಪ್ರತಿಯೊಂದು ತಾಲ್ಲೂಕಿಗೆ ಒಂದರಂತೆ, ಅಲ್ಲಿನ ಶಾಸನ, ಕಥೆ, ಹಾಡು, ಆಡುನುಡಿಯ ಪದಗಳು, ಮಕ್ಕಳು ಓದಬಹುದಾದ ಸ್ಥಳೀಯ ಲೇಖಕರ ಕೃತಿಗಳು ಇವುಗಳನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದ ನೂರು ಪುಟಗಳ ಕೈಪಿಡಿಯನ್ನು ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧವಾಗಿಯೇ ಸಿದ್ಧಪಡಿಸಬಹುದು. ಈಗ ಕಪಾಟಿನಲ್ಲಿ ಧೂಳು ಹಿಡಿಯುತ್ತಿರುವ ಎಷ್ಟೋ ತಾಲ್ಲೂಕು ಅಧ್ಯಯನಗಳಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಆಗಲೇ ಇದೆ. ಕೈಪಿಡಿಯ ಭಾಷೆ ಮಾತ್ರ ಎಚ್ಚರದಿಂದ ರೂಪುಗೊಳ್ಳಬೇಕು. ಅದನ್ನು ಹಿಡಿದು ಪಾಠ ಹೇಳುವವರು ಅನೇಕ ಮನೆಗಳಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟ ತಾಯಿ. ಕೇಳ್ಮೆಯ ಪಾಠಗಳನ್ನು ನಡೆಸುವ ಅಜ್ಜಿಗೆ ಅಕ್ಷರವೇ ಬಾರದಿರಬಹುದು. ಆ ಭಾಗದಲ್ಲಿ ಆಕೆಗೆ ಸೂಚನೆಗಳ ಅಗತ್ಯವಿಲ್ಲ, ಯಾವ ಕಥೆಯನ್ನು ಯಾವಾಗ ಹೇಳಿದರೆ ಮುಂದಿನ ಓದಿಗೆ ಒದಗುತ್ತದೆ ಎಂಬುದನ್ನು ಮನೆಯವರು ಓದಿ ಹೇಳಿದರೆ ಸಾಕು.